ಸ್ಕ್ಯಾನ್ ಆದ್ಮೇಲೂ 'ಕರೆಂಟ್' ಇಡೋಕೆ ವಾರಗಟ್ಟಲೆ ಕಾಯಿಸೋದ್ಯಾಕೆ? ಆ ದಿನಗಳಲ್ಲಿ ನಡೆಯೋ ಲೆಕ್ಕ ಇಲ್ಲಿದೆ

ಚಳ್ಳಕೆರೆ: ಬಾಯಿ ಕ್ಯಾನ್ಸರ್ ಇರಲಿ, ಗಂಟಲು, ಸ್ತನ, ಗರ್ಭಕೊರಳಿನದ್ದೇ ಇರಲಿ, ರೇಡಿಯೇಶನ್ ಬೇಕು ಅಂತ ಡಾಕ್ಟರ್ ಬರೆದ ಮೇಲೆ ನಮ್ಮ ಕಡೆಯವರು ಊರು ಬಿಡಲೇಬೇಕು. ಚಳ್ಳಕೆರೆಯಲ್ಲೂ ಆ ಯಂತ್ರ ಇಲ್ಲ, ಮೊಳಕಾಲ್ಮೂರಿನಲ್ಲೂ ಇಲ್ಲ. ಬಹಳ ಜನ ಹಿಡಿಯೋದು ಬೆಂಗಳೂರಿನ ಕಿದ್ವಾಯಿ ದಾರಿ. ಸುಮಾರು 200 ಕಿಲೋಮೀಟರ್ ಹೋಗಿ, ಕ್ಯೂ ನಿಂತು, ಮುಖಕ್ಕೆ ಜಾಲರಿ ಥರದ ಮುಖವಾಡದ ಅಚ್ಚು ತೆಗೆಸಿ, ಸಿಟಿ ಸ್ಕ್ಯಾನ್ ಮಾಡಿಸಿಕೊಂಡ ಮೇಲೆ ಸಿಗೋ ಉತ್ತರ ಏನು? ಇವತ್ತು ಹೋಗಿ, ಪ್ಲಾನ್ ರೆಡಿ ಆದ ಮೇಲೆ ಬನ್ನಿ. ಈ 'ಆದ ಮೇಲೆ' ಅನ್ನೋದು ಕೆಲವರಿಗೆ ನಾಲ್ಕೈದು ದಿನ, ಕೆಲವರಿಗೆ ಎರಡು ವಾರ.

ತೊಂದರೆ ಶುರುವಾಗೋದು ಇಲ್ಲೇ. ಗಡ್ಡೆ ಕಣ್ಣಿಗೆ ಕಾಣ್ತಾ ಐತೆ, ಮಿಷನ್ ಎದುರಿಗೇ ಐತೆ, ಇನ್ನೇನು ಪ್ಲಾನು ಅಂತ ಮನೆಯವರಿಗೆ ಸಿಟ್ಟು. ದುಡ್ಡಿಗೋಸ್ಕರ ಎಳೀತಾರೆ ಅನ್ನೋರು ಒಂದು ಕಡೆ, ಅಷ್ಟರಲ್ಲಿ ನಾಟಿ ಔಷಧಿ ನೋಡೋಣ ಅನ್ನೋರು ಇನ್ನೊಂದು ಕಡೆ. ಬಸ್ ಹತ್ತಿ ಊರಿಗೆ ಬಂದವರಲ್ಲಿ ಕೆಲವರು ವಾಪಸ್ ಹೋಗೋದೇ ಇಲ್ಲ. ಆ ದಿನಗಳಲ್ಲಿ ಆಸ್ಪತ್ರೆ ಒಳಗೆ ನಿಜವಾಗಿ ಏನು ನಡೆಯುತ್ತೆ ಅಂತ ಗೊತ್ತಿದ್ದರೆ ಅವರಲ್ಲಿ ಒಂದಿಬ್ಬರಾದರೂ ವಾಪಸ್ ಹೋಗಬಹುದು ಅನ್ನೋದಕ್ಕೆ ಈ ಬರಹ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಕಾಯಿಸೋದರಲ್ಲಿ ಎರಡು ಭಾಗ ಇದೆ. ಒಂದು, ಯಂತ್ರ ಕಡಿಮೆ, ಜನ ಜಾಸ್ತಿ. ಹತ್ತು ಲಕ್ಷ ಜನಕ್ಕೆ ಒಂದಾದರೂ ರೇಡಿಯೇಶನ್ ಯಂತ್ರ ಬೇಕು ಅನ್ನೋದು ಸಾಮಾನ್ಯವಾಗಿ ಹೇಳೋ ಅಳತೆ. 2011ರ ಜನಗಣತಿಯಲ್ಲೇ ಚಿತ್ರದುರ್ಗ ಜಿಲ್ಲೆಯ ಜನಸಂಖ್ಯೆ 16.59 ಲಕ್ಷ ಇತ್ತು. ಹಾಗಾಗಿ ಕ್ಯೂ ಇದ್ದೇ ಇದೆ, ಅದನ್ನ ಸಮರ್ಥಿಸೋಕೆ ನಾನು ಬರೀತಿಲ್ಲ. ಇನ್ನೊಂದು ಭಾಗ ಲೆಕ್ಕದ್ದು. ಅದು ಕಾಯಿಸೋಕೆ ಅಂತ ಕಾಯಿಸೋದಲ್ಲ, ಆ ಲೆಕ್ಕ ಮುಗಿಯದೆ ಯಂತ್ರ ಆನ್ ಮಾಡಿದರೆ ರೋಗಿಗೇ ಅಪಾಯ.

'ಕರೆಂಟ್' ಅಂತೀವಿ, ಕರೆಂಟ್ ಅಲ್ಲ

ನಮ್ಮ ಕಡೆ ಇದಕ್ಕೆ ಕರೆಂಟ್ ಇಡೋದು, ಲೈಟ್ ಕೊಡೋದು ಅಂತಾರೆ. ಆ ಹೆಸರಿಗೇ ಅರ್ಧ ಜನ ಹೆದರಿರ್ತಾರೆ. ಮೈಗೆ ಕರೆಂಟ್ ತಾಗಲ್ಲ. ಕೈ ಮುರಿದಾಗ ತೆಗೆಯೋ ಎಕ್ಸ್‌ರೇ ಇದೆಯಲ್ಲ, ಅದೇ ಜಾತಿಯ ಕಿರಣ, ಆದರೆ ಬಹಳ ಹೆಚ್ಚು ಶಕ್ತಿಯದು. ಮಲಗಿದಾಗ ಕಾಣಲ್ಲ, ನೋಯಲ್ಲ. ಲೀನಿಯರ್ ಆಕ್ಸಿಲರೇಟರ್ ಅನ್ನೋ ಯಂತ್ರ ಇದನ್ನ ವಿದ್ಯುತ್ತಿನಿಂದ ಹುಟ್ಟಿಸುತ್ತೆ. ಹಳೇ ಮಾದರಿಯ ಯಂತ್ರದಲ್ಲಿ ಕೋಬಾಲ್ಟ್-60 ಅನ್ನೋ ವಿಕಿರಣ ವಸ್ತು ಇರುತ್ತೆ, ಅದರಿಂದ ಗಾಮಾ ಕಿರಣ ಬರುತ್ತೆ. ಕೋಬಾಲ್ಟ್‌ನ ಬಲ ಸುಮಾರು 5.27 ವರ್ಷಕ್ಕೆ ಅರ್ಧ ಆಗುತ್ತೆ. ಮೊದಲು ಒಂದು ನಿಮಿಷ ಮಲಗಿಸಿದ್ದಕ್ಕೆ ಆಗ ಎರಡು ನಿಮಿಷ ಬೇಕು.

ನಮ್ಮ ಉಳ್ಳಾರ್ತಿ ಕಾವಲಿನಲ್ಲಿ ಜಾಗ ತಗೊಂಡಿರೋ ಬಿಎಆರ್‌ಸಿ, ಅಂದ್ರೆ ಭಾಭಾ ಅಣು ಸಂಶೋಧನಾ ಕೇಂದ್ರ, ಭಾಭಾಟ್ರಾನ್ ಅನ್ನೋ ಹೆಸರಿನ ಸ್ವದೇಶಿ ಕೋಬಾಲ್ಟ್ ಯಂತ್ರ ತಯಾರು ಮಾಡಿದ ಸಂಸ್ಥೆಯೂ ಹೌದು. ಅದರ ತಂತ್ರಜ್ಞಾನ ತಗೊಂಡು ಯಂತ್ರ ಮಾಡಿ ಮಾರೋದು ಬೆಂಗಳೂರಿನ ಪ್ಯಾನೇಸಿಯಾ ಮೆಡಿಕಲ್ ಟೆಕ್ನಾಲಜೀಸ್ ಕಂಪನಿ. ಕಾವಲು ಭೂಮಿ ಹೋದ ವಿಚಾರದಲ್ಲಿ ಕುರಿಗಾರರು ಕೇಳೋ ಪ್ರಶ್ನೆಗಳು ಬೇರೆ ಇವೆ, ಅದು ಈ ಬರಹದಲ್ಲಿ ಬರಲ್ಲ. ಆದರೆ ಆ ಬೋರ್ಡ್ ನೋಡಿದಾಗ ಬಾಂಬು ಒಂದೇ ನೆನಪಾಗಬೇಕಿಲ್ಲ ಅಂತ ಇಷ್ಟು ಹೇಳಿದೆ.

ಸರಿ, ಕಿರಣ ಗಡ್ಡೆಯ ಜೀವಕೋಶಗಳನ್ನ ಸಾಯಿಸುತ್ತೆ. ಆದರೆ ಗಡ್ಡೆ ಒಳಗಿರುತ್ತೆ. ಅಲ್ಲಿಗೆ ಹೋಗೋ ದಾರಿಯಲ್ಲಿ, ಅಲ್ಲಿಂದ ಆಚೆ ಹೊರಗೆ ಹೋಗೋ ದಾರಿಯಲ್ಲಿ ಒಳ್ಳೇ ಮಾಂಸ, ನರ, ಮೂಳೆ ಎಲ್ಲಕ್ಕೂ ಅದು ತಾಗುತ್ತೆ. ಒಂದೇ ಕಡೆಯಿಂದ ಬಿಟ್ಟರೆ ಗಡ್ಡೆಗೆ ಬೀಳೋದಕ್ಕಿಂತ ಮುಂಚೆ ಇರೋ ಮಾಂಸಕ್ಕೇ ಹೆಚ್ಚು ಬೀಳುತ್ತೆ.

ನಾಯಕನಹಟ್ಟಿ ಜಾತ್ರೆ ನೆನಪು ಮಾಡ್ಕೊಳ್ಳಿ. ಚಳ್ಳಕೆರೆ ರಸ್ತೆಯಲ್ಲಿ ಜನ ಬರ್ತಾರೆ, ತಳಕು ಕಡೆಯಿಂದ ಬರ್ತಾರೆ, ಜಗಳೂರು ಕಡೆಯಿಂದಲೂ ಬರ್ತಾರೆ. ಒಂದೊಂದು ರಸ್ತೆಯಲ್ಲಿ ನಿಂತು ನೋಡಿದರೆ ಸಲೀಸಾಗಿ ನಡ್ಕೊಂಡು ಹೋಗಬಹುದು. ಎಲ್ಲ ರಸ್ತೆ ಸೇರೋ ರಥಬೀದಿಯಲ್ಲಿ ಮಾತ್ರ ಕಾಲಿಡೋಕೆ ಜಾಗ ಇರಲ್ಲ. ರೇಡಿಯೇಶನ್‌ನಲ್ಲೂ ಹಾಗೇ ಮಾಡ್ತಾರೆ. ಐದು, ಏಳು, ಒಂಬತ್ತು ದಿಕ್ಕಿನಿಂದ ಸ್ವಲ್ಪ ಸ್ವಲ್ಪ ಕಿರಣ ಬಿಡ್ತಾರೆ. ಒಂದೊಂದು ದಾರಿಗೂ ಕಡಿಮೆ, ಎಲ್ಲ ಸೇರೋ ಗಡ್ಡೆಯಲ್ಲಿ ಜಾಸ್ತಿ.

ಹಾಗಾದರೆ ಯಾವ ದಿಕ್ಕಿನಿಂದ ಎಷ್ಟು? ಎರಡು ವಾರ ಹಿಡಿಯೋ ಪ್ರಶ್ನೆ ಇದೇ.

ಹಿಂಡಿ, ಬೂಸಾ, ಮೆಕ್ಕೆಜೋಳದ ಲೆಕ್ಕ

ಕಿರಣದ ಪ್ರಮಾಣವನ್ನ ಅಳೆಯೋ ಮಾನಕ್ಕೆ ಗ್ರೇ ಅಂತ ಹೆಸರು. ಗಂಟಲು, ಬಾಯಿ ಕ್ಯಾನ್ಸರಿಗೆ ರೇಡಿಯೇಶನ್ನೇ ಮುಖ್ಯ ಚಿಕಿತ್ಸೆ ಆದರೆ ಗಡ್ಡೆಗೆ ಸಾಮಾನ್ಯವಾಗಿ 70 ಗ್ರೇ ಕೊಡ್ತಾರೆ. ದಿನಕ್ಕೆ 2 ಗ್ರೇ, ವಾರಕ್ಕೆ 5 ದಿನ, ಒಟ್ಟು 35 ದಿನ. ಗಡ್ಡೆ ಪಕ್ಕದಲ್ಲೇ ಬೆನ್ನುಹುರಿ ಹಾದುಹೋಗುತ್ತೆ. ಅದಕ್ಕೆ 45 ಗ್ರೇ ದಾಟದ ಹಾಗೆ ಸಾಮಾನ್ಯವಾಗಿ ನೋಡ್ಕೋತಾರೆ, ಬಹಳ ಮೀರಿದರೆ ಕೈಕಾಲು ಸ್ವಾಧೀನ ಹೋಗೋ ಭಯ. ಕಿವಿ ಕೆಳಗೆ ಎರಡೂ ಕಡೆ ಜೊಲ್ಲು ಗ್ರಂಥಿ ಇದೆ. ಅದಕ್ಕೆ ಸರಾಸರಿ 26 ಗ್ರೇ ಒಳಗೆ ಬಿದ್ದರೆ ಸ್ವಲ್ಪ ದಿನಕ್ಕೆ ಜೊಲ್ಲು ವಾಪಸ್ ಬರುತ್ತೆ, ಮೀರಿದರೆ ಬಾಯಿ ಒಣಗಿದ್ದು ಒಣಗೇ ಉಳಿಯೋ ಸಾಧ್ಯತೆ ಹೆಚ್ಚು.

ಇಂಥ ಲೆಕ್ಕ ನಮ್ಮೂರಿಗೆ ಹೊಸದಲ್ಲ. ಎಣ್ಣೆ ಮಿಲ್ಲುಗಳ ಊರು ನಮ್ಮದು, ಶೇಂಗಾ ಹಿಂಡಿ ಮಾರೋ ಅಂಗಡಿಗಳು ಎಷ್ಟಿಲ್ಲ. ಪಶು ಆಹಾರ ತಯಾರಿಸೋರು ಏನು ಮಾಡ್ತಾರೆ? ಹಿಂಡಿಯಲ್ಲಿ ಪ್ರೋಟೀನ್ ಜಾಸ್ತಿ, ರೇಟೂ ಜಾಸ್ತಿ. ಬೂಸಾ ಅಗ್ಗ, ಸತ್ವ ಕಡಿಮೆ. ಮೆಕ್ಕೆಜೋಳದ್ದು ಇನ್ನೊಂದು ಗುಣ. ಮೂಟೆಯಲ್ಲಿ ಇಷ್ಟು ಪ್ರೋಟೀನ್ ಇರಲೇಬೇಕು, ನಾರು ಇಷ್ಟನ್ನ ದಾಟಬಾರದು, ಖರ್ಚು ಆದಷ್ಟು ಕಡಿಮೆ ಇರಬೇಕು. ಯಾವುದು ಎಷ್ಟು ಕಿಲೋ ಹಾಕೋದು? ಗಣಿತದವರು ಇದನ್ನ ಆಪ್ಟಿಮೈಸೇಶನ್ ಅಂತಾರೆ. ಕಟ್ಟುಪಾಡು ಮೀರದೆ ಇದ್ದುದರಲ್ಲಿ ಅತ್ಯುತ್ತಮವಾದದ್ದನ್ನ ಹುಡುಕೋದು.

ಈ ಲೆಕ್ಕದ ಹಳೇ ಕಥೆಯೂ ಊಟದ್ದೇ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ 1945ರಲ್ಲಿ 77 ಆಹಾರ ಪದಾರ್ಥ ಪಟ್ಟಿ ಮಾಡಿ, ಒಬ್ಬ ಮನುಷ್ಯನಿಗೆ ಬೇಕಾದ 9 ಪೋಷಕಾಂಶ ಸಿಗೋ ಹಾಗೆ ವರ್ಷಕ್ಕೆ ಅತಿ ಕಡಿಮೆ ಖರ್ಚು ಎಷ್ಟು ಅಂತ ಅಂದಾಜು ಮಾಡಿ 39.93 ಡಾಲರ್ ಅಂದರು. 1947ರಲ್ಲಿ ಜಾರ್ಜ್ ಡಾಂಟ್‌ಜಿಗ್ ಸಿಂಪ್ಲೆಕ್ಸ್ ಅನ್ನೋ ವಿಧಾನ ಕಂಡುಹಿಡಿದಾಗ ಅದನ್ನ ಪರೀಕ್ಷೆ ಮಾಡಿದ್ದು ಇದೇ ಲೆಕ್ಕದ ಮೇಲೆ. ಒಂಬತ್ತು ಜನ ಗುಮಾಸ್ತರು ಕೈಯಲ್ಲಿ ತಿರುಗಿಸೋ ಲೆಕ್ಕದ ಯಂತ್ರ ಇಟ್ಕೊಂಡು ಕೂತರು. ಒಟ್ಟು 120 ಆಳುದಿನ ಹಿಡೀತು. ಬಂದ ಉತ್ತರ 39.69 ಡಾಲರ್. ಉಳಿದಿದ್ದು ಡಾಲರಿಗೆ ಕಾಲು ಭಾಗ ಮಾತ್ರ, ಆದರೆ ಇದಕ್ಕಿಂತ ಅಗ್ಗದ್ದು ಇಲ್ಲ ಅಂತ ಖಾತ್ರಿಯಾಗಿ ಹೇಳೋಕೆ ಆಯ್ತು.

ಈಗ ಮೂಟೆ ಜಾಗದಲ್ಲಿ ಕುತ್ತಿಗೆ ಇಡಿ. ಅರ್ಥ ಆಗಲಿ ಅಂತ ಎರಡೇ ಕಿರಣ ತಗೊಳ್ಳೋಣ. ಅಂಕಿ ನಾನು ಉದಾಹರಣೆಗೆ ಹಾಕಿರೋದು, ಯಾವ ರೋಗಿಯದ್ದೂ ಅಲ್ಲ.

ಪಕ್ಕದಿಂದ ಬರೋ ಕಿರಣ ಒಂದು ಪಾಲು ಬಿಟ್ಟರೆ ಗಡ್ಡೆಗೆ 1 ಗ್ರೇ, ಜೊಲ್ಲು ಗ್ರಂಥಿಗೆ 0.6, ಬೆನ್ನುಹುರಿಗೆ 0.1 ಬೀಳುತ್ತೆ ಅನ್ಕೊಳ್ಳಿ. ಹಿಂದಿನಿಂದ ಬರೋ ಕಿರಣ ಒಂದು ಪಾಲಿಗೆ ಗಡ್ಡೆಗೆ 1, ಗ್ರಂಥಿಗೆ 0.1, ಬೆನ್ನುಹುರಿಗೆ 0.7. ಗಡ್ಡೆಗೆ 70 ಬೇಕು.

ಪೂರ್ತಿ ಪಕ್ಕದಿಂದಲೇ ಬಿಟ್ಟರೆ ಬೆನ್ನುಹುರಿಗೆ ಬರೀ 7, ಆದರೆ ಗ್ರಂಥಿಗೆ 42. ಬಾಯಿ ಒಣಗಿದಂಗೆ. ಪೂರ್ತಿ ಹಿಂದಿನಿಂದಲೇ ಬಿಟ್ಟರೆ ಗ್ರಂಥಿಗೆ 7, ಬೆನ್ನುಹುರಿಗೆ 49. 45 ದಾಟ್ತು, ಹಾಗೆ ಬಿಡಂಗಿಲ್ಲ. ಪಕ್ಕದಿಂದ 7 ಪಾಲು, ಹಿಂದಿನಿಂದ 63 ಪಾಲು ಮಾಡಿ ನೋಡಿ. ಗ್ರಂಥಿಗೆ 10.5, ಬೆನ್ನುಹುರಿಗೆ 44.8. ಎಲ್ಲ ಮಿತಿ ಒಳಗೇ ಬಂತು. ಗ್ರಂಥಿಗೆ ಆದಷ್ಟು ಕಡಿಮೆ ಮಾಡು ಅಂತ ಕಂಪ್ಯೂಟರಿಗೆ ಹೇಳಿದರೆ ಅದು ಕೊಡೋದು ಹೆಚ್ಚುಕಮ್ಮಿ ಇದೇ ಉತ್ತರ.

ಆದರೆ ಡಾಕ್ಟರ್ ಇದನ್ನ ನೋಡಿ ತಲೆ ಅಲ್ಲಾಡಿಸಬಹುದು. 44.8 ಅಂದ್ರೆ ಬೇಲಿಗೆ ಒರಗಿ ನಿಂತಂಗೆ. ರೋಗಿ ಎರಡು ಮಿಲಿಮೀಟರ್ ಅಲ್ಲಾಡಿದರೆ ಬೇಲಿ ಆಚೆ. ಹಾಗಾಗಿ ಪಕ್ಕದಿಂದ 20, ಹಿಂದಿನಿಂದ 50 ಮಾಡಿ ಅಂತಾರೆ. ಆಗ ಬೆನ್ನುಹುರಿಗೆ 37, ಗ್ರಂಥಿಗೆ 17. ಗ್ರಂಥಿಗೆ ಆರೂವರೆ ಜಾಸ್ತಿ ಬಿತ್ತು, ಆದರೆ ಇನ್ನೂ 26ರ ಒಳಗೇ ಇದೆ. ಬೆನ್ನುಹುರಿಗೆ ಎಂಟರ ಅಂತರ ಸಿಕ್ತು. ಯಾವುದು ಸರಿ? ಕಂಪ್ಯೂಟರಿಗೆ ಗೊತ್ತಿಲ್ಲ. ನಡೆಯೋ ಕಾಲಿಗೆ ಎಷ್ಟು ಬೆಲೆ, ರುಚಿ ನೋಡೋ ಬಾಯಿಗೆ ಎಷ್ಟು ಬೆಲೆ ಅನ್ನೋದನ್ನ ಮನುಷ್ಯರೇ ಹೇಳಬೇಕು.

ಎರಡು ಕಿರಣ, ಮೂರು ಜಾಗದ ಲೆಕ್ಕ ಪೆನ್ನಲ್ಲಿ ಮುಗೀತು. ನಿಜವಾದ ಲೆಕ್ಕದಲ್ಲಿ ಒಂದೊಂದು ದಿಕ್ಕಿನ ಕಿರಣವನ್ನೂ ಅರ್ಧ ಸೆಂಟಿಮೀಟರ್ ಆಸುಪಾಸಿನ ನೂರಾರು ಚೌಕಗಳಾಗಿ ಒಡೀತಾರೆ, ಒಂದೊಂದು ಚೌಕಕ್ಕೂ ಬೇರೆ ಬೇರೆ ಬಲ. ಏಳೆಂಟು ದಿಕ್ಕು ಸೇರಿದರೆ ಸಾವಿರಾರು ಚೌಕ. ಈ ಕಡೆ ದೇಹವನ್ನ ಎರಡು ಮೂರು ಮಿಲಿಮೀಟರಿನ ಪುಟ್ಟ ಘನಗಳಾಗಿ ಒಡೆದರೆ ಲಕ್ಷಗಟ್ಟಲೆ. ಯಾವ ಚೌಕ ಯಾವ ಘನಕ್ಕೆ ಎಷ್ಟು ತಾಗುತ್ತೆ ಅನ್ನೋ ದೊಡ್ಡ ಖಾತೆ ಪುಸ್ತಕ ಮೊದಲು ತಯಾರಾಗಬೇಕು. ಆಮೇಲೆ ಹುಡುಕಾಟ.

ಹುಡುಕೋ ರೀತಿ ವ್ಯಾಪಾರಸ್ಥರಿಗೆ ಸುಲಭವಾಗಿ ಅರ್ಥ ಆಗುತ್ತೆ, ಯಾಕಂದ್ರೆ ಅದು ದಂಡದ ಲೆಕ್ಕ. ಬೆನ್ನುಹುರಿ 45 ದಾಟಿ ಒಂದು ಗ್ರೇ ಹೆಚ್ಚಾದರೆ 1 ರೂಪಾಯಿ ದಂಡ, ಎರಡು ಹೆಚ್ಚಾದರೆ 4, ಮೂರಾದರೆ 9. ಹೀಗೆ ವರ್ಗದಲ್ಲಿ ಏರುತ್ತೆ, ಹಾಗಾಗಿ ಸ್ವಲ್ಪ ಮೀರಿದ್ದಕ್ಕೆ ಸ್ವಲ್ಪ, ಬಹಳ ಮೀರಿದ್ದಕ್ಕೆ ಭಾರಿ ದಂಡ. ಗಡ್ಡೆಗೆ 70ಕ್ಕಿಂತ ಕಡಿಮೆ ಬಿದ್ದರೂ ದಂಡ. ಬೆನ್ನುಹುರಿಯ ದಂಡಕ್ಕೆ ನೂರರ ಗುಣಕ, ಗ್ರಂಥಿಯದ್ದಕ್ಕೆ ಹತ್ತರ ಗುಣಕ ಅಂತ ಡಾಕ್ಟರೂ ಫಿಸಿಸಿಸ್ಟೂ ಕೂತು ನಿಗದಿ ಮಾಡ್ತಾರೆ. ಒಟ್ಟು ದಂಡ ಆದಷ್ಟು ಕಡಿಮೆ ಆಗೋ ತನಕ ಕಂಪ್ಯೂಟರ್ ಸಾವಿರಾರು ಚೌಕಗಳ ಬಲವನ್ನ ಏರಿಸ್ತಾ ಇಳಿಸ್ತಾ ಹೋಗುತ್ತೆ.

ಪೂರ್ತಿ ಸೊನ್ನೆ ದಂಡ ಬರೋ ಹಾಗೆ ಯಾಕೆ ಮಾಡಲ್ಲ ಅಂತ ಕೇಳಬಹುದು. ಬಿಟ್ಟ ಕಿರಣವನ್ನ ವಾಪಸ್ ಎಳ್ಕೊಳ್ಳೋಕೆ ಆಗಲ್ಲ. ಕಾಗದದ ಮೇಲೆ ಮೈನಸ್ 5 ಪಾಲು ಕಿರಣ ಅಂತ ಬರೀಬಹುದು, ಬರೆದರೆ ಒಳ್ಳೇ ಮಾಂಸಕ್ಕೆ ಬಿದ್ದದ್ದನ್ನೆಲ್ಲ ಅಳಿಸಿಬಿಡಬಹುದು. ಹಾಗೆ ಮೈನಸ್ ಕಿರಣ ಬಿಡೋ ಯಂತ್ರ ಇಲ್ಲ. ಈ ಒಂದು ಕಟ್ಟುಪಾಡಿನಿಂದಲೇ ಎಲ್ಲ ಪ್ಲಾನೂ ಒಂದು ರಾಜಿ. ಸೈಡ್ ಎಫೆಕ್ಟ್ ಇಲ್ಲದ ರೇಡಿಯೇಶನ್ ಕೊಡಿಸ್ತೀನಿ ಅಂತ ಯಾರಾದರೂ ಹೇಳಿದರೆ ನಂಬೋದು ಬೇಡ.

ಮಗ್ಗದ ಥರಾನೇ

ಹಿಂದೆ ಈ ಕೆಲಸ ಉಲ್ಟಾ ನಡೀತಿತ್ತು. ಫಿಸಿಸಿಸ್ಟ್ ತಮ್ಮ ಅನುಭವದ ಮೇಲೆ ಮೂರು ನಾಲ್ಕು ಕಿರಣ ಇಟ್ಟು, ಎಲ್ಲಿ ಎಷ್ಟು ಬೀಳುತ್ತೆ ನೋಡಿ, ಸರಿ ಬರದಿದ್ದರೆ ಇನ್ನೊಂದು ಥರ ಇಡೋರು. ಏನು ಬೇಕು ಅಂತ ಮೊದಲು ಹೇಳಿ, ಕಿರಣ ಹೇಗಿರಬೇಕು ಅಂತ ಲೆಕ್ಕದಿಂದ ಹಿಂದಕ್ಕೆ ಬರೋಣ ಅನ್ನೋ ದಾರಿಗೆ ಬುನಾದಿ ಹಾಕಿದ ಬರಹ 1982ರದ್ದು, ಸ್ವೀಡನ್‌ನ ಆಂಡರ್ಸ್ ಬ್ರಾಮೆ ಮತ್ತು ಜೊತೆಗಾರರದ್ದು. ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಥಾಮಸ್ ಬೋರ್ಟ್‌ಫೆಲ್ಡ್ ಅದನ್ನ ಮುಂದುವರಿಸಿದರು. 1990ರ ದಶಕದ ಮಧ್ಯದಲ್ಲಿ ರೋಗಿಗಳಿಗೆ ಬಂತು. ಇವತ್ತು ಆಸ್ಪತ್ರೆ ಬಿಲ್ಲಿನಲ್ಲಿ ಐಎಂಆರ್‌ಟಿ ಅಂತ ಬರೆದಿರ್ತಾರಲ್ಲ, ಅದೇ ಇದು.

ಸಾವಿರಾರು ಚೌಕಕ್ಕೆ ಬೇರೆ ಬೇರೆ ಬಲ ಅಂದೆ. ಯಂತ್ರದಿಂದ ಬರೋದು ಒಂದೇ ಕಿರಣ. ಅದನ್ನ ಹಾಗೆ ಒಡೆಯೋದು ಹೇಗೆ? ಯಂತ್ರದ ಬಾಯಿಯಲ್ಲಿ ಟಂಗ್‌ಸ್ಟನ್ ಲೋಹದ ಪಟ್ಟಿಗಳಿವೆ, ಒಂದು ಪ್ರಚಲಿತ ಮಾದರಿಯಲ್ಲಿ 60 ಜೋಡಿ, ಅಂದ್ರೆ 120 ಪಟ್ಟಿ. ಒಂದೊಂದಕ್ಕೂ ತನ್ನದೇ ಮೋಟಾರು. ಹಿಂದೆ ಮುಂದೆ ಸರಿದು ಕಿರಣಕ್ಕೆ ಕಿಂಡಿ ಬಿಡ್ತವೆ, ಮುಚ್ತವೆ. ಹೆಚ್ಚು ಹೊತ್ತು ತೆರೆದ ಜಾಗಕ್ಕೆ ಹೆಚ್ಚು, ಬೇಗ ಮುಚ್ಚಿದ ಜಾಗಕ್ಕೆ ಕಡಿಮೆ. ಮೊಳಕಾಲ್ಮೂರಿನಲ್ಲಿ ಜಕಾರ್ಡ್ ಹಾಕಿದ ರೇಷ್ಮೆ ಮಗ್ಗ ನೋಡಿದವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಯಾವ ಎಳೆ ಯಾವಾಗ ಏಳಬೇಕು ಅಂತ ಕಾರ್ಡಿನ ತೂತು ಹೇಳುತ್ತೆ, ಹೂವು ತಾನಾಗೇ ಬೀಳುತ್ತೆ. ಇಲ್ಲಿ ಕಾರ್ಡಿನ ಜಾಗದಲ್ಲಿ ಪ್ಲಾನ್ ಫೈಲು. ನೇಕಾರರಿಗೆ ಇನ್ನೂ ಒಂದು ಗೊತ್ತು: ಹೂವಿನ ಡಿಸೈನ್ ಬಿಡಿಸಿ ಕಾರ್ಡ್ ಹೊಡೆಯೋಕೆ ಹಿಡಿಯೋ ಹೊತ್ತೇ ಬೇರೆ, ನೇಯೋ ಹೊತ್ತೇ ಬೇರೆ. ರೇಡಿಯೇಶನ್‌ನಲ್ಲಿ ದಿನಾ ಮಲಗೋದು ಹತ್ತು ಹದಿನೈದು ನಿಮಿಷ. ಕಾರ್ಡ್ ಹೊಡೆಯೋಕೆ ದಿನಗಳು.

ಆ ದಿನಗಳಲ್ಲಿ ಹೆಚ್ಚು ಹೊತ್ತು ತಿನ್ನೋದು ಕಂಪ್ಯೂಟರ್ ಕೂಡ ಅಲ್ಲ. ಸಿಟಿ ಸ್ಕ್ಯಾನಿನಲ್ಲಿ ನೂರಕ್ಕೂ ಮೀರಿ ಚಿತ್ರ ಇರ್ತವೆ. ಒಂದೊಂದರ ಮೇಲೂ ಇದು ಗಡ್ಡೆ, ಇದು ಬೆನ್ನುಹುರಿ, ಇದು ಗ್ರಂಥಿ, ಇದು ದವಡೆ ಅಂತ ಡಾಕ್ಟರ್ ಗೆರೆ ಎಳೀಬೇಕು. ಗೆರೆ ತಪ್ಪಿದರೆ ಕಂಪ್ಯೂಟರ್ ತಪ್ಪು ಜಾಗಕ್ಕೇ ಅತ್ಯುತ್ತಮ ಉತ್ತರ ಕೊಡುತ್ತೆ. ಈಗ ಎಐ ಬಂದು ಗೆರೆ ಎಳೆಯೋ ಕೆಲಸ ಹಗುರ ಆಗ್ತಿದೆ, ಆದರೂ ಕೊನೆಗೆ ನೋಡಿ ತಿದ್ದಿ ಒಪ್ಪಬೇಕಾದವರು ಡಾಕ್ಟರೇ.

ಗೋಕಟ್ಟೆಯಲ್ಲಿ ನಿಂತ ನೀರು

ದಂಡ ಕಡಿಮೆ ಮಾಡ್ತಾ ಹೋಗೋದು ಅಂದ್ರೆ ಮಳೆ ನೀರು ಗುಡ್ಡದಿಂದ ಇಳಿದಂಗೆ. ಎಲ್ಲಿ ಇಳಿಜಾರೋ ಅತ್ತ ಹರಿಯುತ್ತೆ. ನೆಲ ಬಾಣಲೆ ಥರ ಇದ್ದರೆ ಎಲ್ಲಿಂದ ಬಿಟ್ಟರೂ ನೀರು ಒಂದೇ ತಳಕ್ಕೆ ಬರುತ್ತೆ. ಚೌಕಗಳ ಬಲ ಹುಡುಕೋ ಲೆಕ್ಕ ಬಹುಮಟ್ಟಿಗೆ ಇಂಥ ಬಾಣಲೆ.

ಆದರೆ 2008ರಿಂದ ಈಚೆ ಇನ್ನೊಂದು ವಿಧಾನ ಬಂದಿದೆ. ಕೆನಡಾದ ಕಾರ್ಲ್ ಒಟ್ಟೊ ಬರೆದ ಬರಹದಿಂದ ಅದು ಹರಡಿತು. ಯಂತ್ರ ದಿಕ್ಕಿಗೊಮ್ಮೆ ನಿಲ್ಲದೆ ರೋಗಿ ಸುತ್ತ ತಿರುಗ್ತಾನೇ ಕಿರಣ ಬಿಡುತ್ತೆ, ತಿರುಗ್ತಾನೇ ಪಟ್ಟಿಗಳು ಸರೀತವೆ. ಬಿಲ್ಲಿನಲ್ಲಿ ವಿಮ್ಯಾಟ್ ಅಂತಲೋ ರ‍್ಯಾಪಿಡ್‌ಆರ್ಕ್ ಅಂತಲೋ ಇರುತ್ತೆ. ಎರಡು ಮೂರು ನಿಮಿಷದಲ್ಲಿ ಕಿರಣ ಬಿಟ್ಟು ಮುಗಿಯುತ್ತೆ. ನೋವಿರೋರಿಗೆ, ಮುಖವಾಡ ಹಾಕ್ಕೊಂಡು ಮಲಗೋಕೆ ಭಯ ಪಡೋರಿಗೆ ಇದು ದೊಡ್ಡ ಉಪಕಾರ. ಆದರೆ ಒಂದು ಪಟ್ಟಿ ಕ್ಷಣಕ್ಕೆ ಇಷ್ಟೇ ದೂರ ಸರಿಯಬಲ್ಲದು, ಯಂತ್ರ ಇಷ್ಟೇ ವೇಗದಲ್ಲಿ ತಿರುಗಬಲ್ಲದು ಅನ್ನೋ ಕಟ್ಟುಪಾಡುಗಳೆಲ್ಲ ಸೇರಿ ಲೆಕ್ಕದ ನೆಲ ಬಾಣಲೆಯಾಗಿ ಉಳಿಯಲ್ಲ. ನಮ್ಮ ಕಾವಲುಗಳ ಥರ ಏರುತಗ್ಗು. ನೀರು ವೇದಾವತಿ ತನಕ ಹೋಗೋ ಬದಲು ಮಧ್ಯದ ಒಂದು ಗೋಕಟ್ಟೆಯಲ್ಲೇ ನಿಂತುಬಿಡುತ್ತೆ. ಅಲ್ಲಿಂದ ಸುತ್ತ ನೋಡಿದರೆ ಎಲ್ಲಾ ಕಡೆ ಏರು, ಕಂಪ್ಯೂಟರ್ ಇದೇ ತಳ ಅನ್ಕೊಳ್ಳುತ್ತೆ.

ಅದಕ್ಕೇ ಫಿಸಿಸಿಸ್ಟ್ ಒಂದೇ ಸಲಕ್ಕೆ ಬಿಡಲ್ಲ. ದಂಡದ ಗುಣಕ ಬದಲಿಸಿ, ದಿಕ್ಕು ಬದಲಿಸಿ ಮತ್ತೆ ಓಡಿಸ್ತಾರೆ. ಎರಡು ಮೂರು ಪ್ಲಾನ್ ಪಕ್ಕ ಪಕ್ಕ ಇಟ್ಟು ಹೋಲಿಸ್ತಾರೆ. ಈ ಹುಡುಕಾಟದ ವಿಧಾನಗಳಲ್ಲಿ ನಮ್ಮ ದೇಶದವರ ಪಾಲೂ ಇದೆ. ಸಿಂಪ್ಲೆಕ್ಸ್ ವಿಧಾನ ಬೇಲಿಯ ಮೂಲೆಯಿಂದ ಮೂಲೆಗೆ ನಡೀತಾ ಹೋಗುತ್ತೆ. 1984ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದ ನರೇಂದ್ರ ಕರ್ಮಾರ್ಕರ್ ಹೊಲದ ನಡುವಿನಿಂದಲೇ ಸೀಳಿ ಹೋಗೋ ದಾರಿ ತೋರಿಸಿದರು. ಗ್ವಾಲಿಯರ್‌ನಲ್ಲಿ ಹುಟ್ಟಿ ಮುಂಬೈ ಐಐಟಿಯಲ್ಲಿ ಓದಿದವರು. ಆ ಜಾತಿಯ ವಿಧಾನಗಳು ರೇಡಿಯೇಶನ್ ಪ್ಲಾನಿಂಗಿನಲ್ಲೂ ಬಳಕೆಯಲ್ಲಿವೆ. ಡಿಗ್ರಿ ಅರ್ಧಕ್ಕೆ ಬಿಟ್ಟ ನನ್ನಂಥವನಿಗೆ ಆ ಗಣಿತ ಪೂರ್ತಿ ದಕ್ಕಲ್ಲ, ಆದರೆ ಬೇಲಿ ಮತ್ತೆ ಹೊಲದ ಚಿತ್ರ ದಕ್ಕುತ್ತೆ.

ಪ್ಲಾನ್ ಒಪ್ಪಿದ ಮೇಲೂ ಒಂದು ಕೆಲಸ ಬಾಕಿ. ಐಎಂಆರ್‌ಟಿ ಥರದ ಪ್ಲಾನನ್ನ ರೋಗಿ ಮೇಲೆ ಬಿಡೋ ಮುಂಚೆ ಅಳತೆ ಉಪಕರಣ ಇರೋ ಬೊಂಬೆಯ ಮೇಲೆ ಬಿಟ್ಟು ನೋಡ್ತಾರೆ. ಕಂಪ್ಯೂಟರ್ ಹೇಳಿದ್ದಕ್ಕೂ ಯಂತ್ರ ಕೊಟ್ಟಿದ್ದಕ್ಕೂ ತಾಳೆ ಆಗಬೇಕು. ಇಂಥ ಯಂತ್ರ ನಡೆಸೋಕೆ ಕೇಂದ್ರದ ಅಣುಶಕ್ತಿ ನಿಯಂತ್ರಣ ಮಂಡಳಿಯ ಲೈಸೆನ್ಸ್ ಬೇಕು, ವಿಕಿರಣ ಸುರಕ್ಷತಾ ಅಧಿಕಾರಿ ಇರಲೇಬೇಕು. ರೋಗಿಗಳು ಹೋದ ಮೇಲೆ, ಸಂಜೆಯೋ ರಾತ್ರಿಯೋ ಈ ಪರೀಕ್ಷೆ ನಡೆಯೋದು ಹೆಚ್ಚು. ಹಾಗಾಗಿ ನಮ್ಮ ಕಣ್ಣಿಗೆ ಬೀಳಲ್ಲ.

ಇಷ್ಟೆಲ್ಲ ಮಾಡಿ ಏನು ಸಿಗುತ್ತೆ? ಬ್ರಿಟನ್ನಿನಲ್ಲಿ ಗಂಟಲು ಕ್ಯಾನ್ಸರಿನ 94 ರೋಗಿಗಳನ್ನ ಎರಡು ಗುಂಪು ಮಾಡಿ ನೋಡಿದ ಪಾರ್‌ಸ್ಪೋರ್ಟ್ ಅನ್ನೋ ಅಧ್ಯಯನ 2011ರಲ್ಲಿ ಪ್ರಕಟ ಆಯ್ತು. ವರ್ಷದ ನಂತರ ಹಳೇ ವಿಧಾನದಲ್ಲಿ ಶೇ 74ರಷ್ಟು ಜನರಿಗೆ ತೊಂದರೆ ಕೊಡೋ ಮಟ್ಟದ ಬಾಯಿ ಒಣಗುವಿಕೆ ಇತ್ತು, ಗ್ರಂಥಿ ಉಳಿಸೋ ಹಾಗೆ ಲೆಕ್ಕ ಹಾಕಿದ ಐಎಂಆರ್‌ಟಿ ಗುಂಪಿನಲ್ಲಿ ಶೇ 38. ರೋಗ ಹತೋಟಿಗೆ ಬರೋದರಲ್ಲಿ ಎರಡೂ ಗುಂಪಿಗೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಬಾಯಲ್ಲಿ ಜೊಲ್ಲಿಲ್ಲದೆ ಮುದ್ದೆ ಗಂಟಲಲ್ಲಿ ಇಳಿಯಲ್ಲ, ರಾತ್ರಿ ನಾಲ್ಕು ಸಲ ಎದ್ದು ನೀರು ಕುಡೀಬೇಕು, ಹಲ್ಲು ಹುಳುಕಾಗುತ್ತೆ. ಆ ವಾರದ ಲೆಕ್ಕಕ್ಕೆ ಸಿಗೋ ಕೂಲಿ ಇದು.

ತಪ್ಪಿಸಿದ ದಿನದ ಬೆಲೆ

ಚಿಕಿತ್ಸೆ ಶುರು ಆದ ಮೇಲೆ ಲೆಕ್ಕ ಇನ್ನೊಂದು ದಿಕ್ಕಿಗೆ ತಿರುಗುತ್ತೆ. ಈಗ ಕಾಯೋದೇ ತಪ್ಪು. 35 ದಿನ ಅಂತ ಹಾಕಿದ್ದಾರೆ, ಶೇಂಗಾ ಕೀಳೋಕೆ ನಾಲ್ಕು ದಿನ ಊರಿಗೆ ಹೋಗಿ ಬಂದು ಕೊನೆಗೆ ಸೇರಿಸ್ಕೊಂಡರಾಯ್ತು ಅನ್ನೋ ಮಾತು ಬಹಳ ಸಲ ಕೇಳಿದ್ದೀನಿ. ಒಟ್ಟು 70 ಗ್ರೇ ಅಷ್ಟೇ ಬೀಳುತ್ತೆ, ನಿಜ. ಆದರೆ ಬಿಟ್ಟ ದಿನಗಳಲ್ಲಿ ಗಡ್ಡೆ ಸುಮ್ನೆ ಕೂರಲ್ಲ, ಉಳಿದ ಜೀವಕೋಶ ಮತ್ತೆ ಹೆಚ್ಚುತ್ತವೆ. ತಲೆ ಕುತ್ತಿಗೆ ಭಾಗದ ಕ್ಯಾನ್ಸರಿನಲ್ಲಿ ಚಿಕಿತ್ಸೆ ಒಂದು ದಿನ ಉದ್ದ ಆದರೆ ಹತೋಟಿ ಸಾಧ್ಯತೆ ಶೇ 1ರಿಂದ 1.4ರಷ್ಟು ಕಡಿಮೆ ಆಗುತ್ತೆ ಅನ್ನೋದು ಡಾಕ್ಟರುಗಳು ಬಳಸೋ ಅಂದಾಜು. ಡೆನ್ಮಾರ್ಕಿನವರು ಇದನ್ನೇ ಉಲ್ಟಾ ಪರೀಕ್ಷೆ ಮಾಡಿದರು. ಅಷ್ಟೇ ಪ್ರಮಾಣವನ್ನ ವಾರಕ್ಕೆ 5ರ ಬದಲು 6 ಸಲ ಕೊಟ್ಟು ಒಂದು ವಾರ ಮುಂಚೆ ಮುಗಿಸಿದರು. ಐದು ವರ್ಷದ ನಂತರ ಆ ಜಾಗದಲ್ಲಿ ರೋಗ ಹತೋಟಿಯಲ್ಲಿದ್ದವರು ಶೇ 60ರಿಂದ 70ಕ್ಕೆ ಏರಿದರು. 2003ರಲ್ಲಿ ಅದು ಪ್ರಕಟ ಆಯ್ತು. ಗರ್ಭಕೊರಳಿನ ಕ್ಯಾನ್ಸರಿಗೂ ಒಳಗಿನ ಚಿಕಿತ್ಸೆ ಸೇರಿ ಒಟ್ಟು 8 ವಾರದಲ್ಲಿ ಮುಗಿಸೋಕೆ ನೋಡ್ತಾರೆ.

ದಿನ ಎಷ್ಟು ಅನ್ನೋದೂ ಒಂದು ಲೆಕ್ಕವೇ, ಅದೂ ಬದಲಾಗ್ತಿದೆ. ಸ್ತನ ಕ್ಯಾನ್ಸರಿಗೆ ಮುಂಚೆ ಸಾಮಾನ್ಯವಾಗಿ 5 ವಾರದಲ್ಲಿ 25 ಸಲ ಕೊಡ್ತಿದ್ದರು. ಬ್ರಿಟನ್ನಿನ ಅಧ್ಯಯನಗಳಿಂದ 3 ವಾರದಲ್ಲಿ 15 ಸಲ ಸಾಕು ಅಂತ ಆಯ್ತು. 2020ರಲ್ಲಿ ಫಾಸ್ಟ್-ಫಾರ್ವರ್ಡ್ ಅನ್ನೋ ಅಧ್ಯಯನ ಒಂದೇ ವಾರದಲ್ಲಿ 5 ಸಲ, ಒಟ್ಟು 26 ಗ್ರೇ ಕೊಟ್ಟರೂ ರೋಗ ಹತೋಟಿ ಕಡಿಮೆ ಆಗಲ್ಲ ಅಂತ ತೋರಿಸಿತು. ಮಗ್ಗ ನಿಲ್ಲಿಸಿ ಬೆಂಗಳೂರಿನಲ್ಲಿ ರೂಮು ಹಿಡಿದು ಕೂರೋ ಮೊಳಕಾಲ್ಮೂರಿನ ಮನೆಗೆ ಐದು ವಾರಕ್ಕೂ ಒಂದು ವಾರಕ್ಕೂ ಇರೋ ವ್ಯತ್ಯಾಸ ಬಿಡಿಸಿ ಹೇಳಬೇಕಾ? ಎಲ್ಲರಿಗೂ ಇದು ಆಗಲ್ಲ, ಎಲ್ಲ ಕ್ಯಾನ್ಸರಿಗೂ ಆಗಲ್ಲ. ಆದರೆ "ಸಾರ್, ನಮ್ಮ ಕೇಸಿಗೆ ಕಡಿಮೆ ದಿನದ್ದು ಆಗುತ್ತಾ?" ಅಂತ ಕೇಳೋಕೆ ಯಾರ ಅಪ್ಪಣೆಯೂ ಬೇಕಿಲ್ಲ. ಅದೇ ಥರ, ಮಾಡ್ತಿರೋದು ಐಎಂಆರ್‌ಟಿನಾ ಸಾದಾನಾ, ಕಾಯಿಸ್ತಿರೋದು ಪ್ಲಾನಿಗಾ ಯಂತ್ರದ ಕ್ಯೂಗಾ ಅಂತಲೂ ಕೇಳಿ. ಪ್ಲಾನಿಗಾದರೆ ಕಾಯೋದು ಸರಿ. ಬರೀ ಕ್ಯೂ ಆಗಿದ್ದು ಮೂರು ನಾಲ್ಕು ವಾರ ಅಂತಿದ್ದರೆ ಬೇರೆ ಎಲ್ಲಿ ಬೇಗ ಸಿಗುತ್ತೆ ಅಂತ ಅವರನ್ನೇ ವಿಚಾರಿಸಿ.

ಊರಿಗೆ ಬಂದಿರೋ ಆ ದಿನಗಳಲ್ಲಿ ಮಾಡೋಕೆ ಕೆಲಸ ಇದೆ. ಮೈಮೇಲೆ ಹಾಕಿದ ಗುರುತು ಉಜ್ಜಿ ತೊಳೀಬೇಡಿ, ದಿನಾ ಅದೇ ಜಾಗಕ್ಕೆ ಹೊಂದಿಸೋದು ಅದರಿಂದಲೇ. ಬಾಯಿ, ಗಂಟಲಿನವರು ಹಲ್ಲು ತೋರಿಸ್ಕೊಳ್ಳಿ. ಹುಳುಕು ಹಲ್ಲು ಕೀಳಿಸೋದಿದ್ದರೆ ರೇಡಿಯೇಶನ್‌ಗೆ ಮುಂಚೆ ಕೀಳಿಸಬೇಕು, ಆಮೇಲೆ ಕೀಳಿಸಿದರೆ ದವಡೆ ಮೂಳೆ ಮಾಯದೆ ಕೊಳೆಯೋ ಅಪಾಯ ಇದೆ. ಬೀಡಿ, ಗುಟ್ಕಾ, ಎಲೆ-ಅಡಿಕೆ-ಹೊಗೆಸೊಪ್ಪು ಪೂರ್ತಿ ನಿಲ್ಲಬೇಕು. ಚೆನ್ನಾಗಿ ತಿನ್ನಿ. ತೂಕ ಇಳಿದರೆ ಮುಖವಾಡ ಸಡಿಲ ಆಗುತ್ತೆ, ಗಡ್ಡೆಯ ಜಾಗ, ಗ್ರಂಥಿಯ ಜಾಗ ಸರಿಯುತ್ತೆ, ಆಗ ಮತ್ತೆ ಸ್ಕ್ಯಾನ್ ಮಾಡಿ ಲೆಕ್ಕ ಮೊದಲಿಂದ ಹಾಕಬೇಕಾಗಬಹುದು.

ಖರ್ಚಿನ ವಿಚಾರ: ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಇದೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30. ರೇಷನ್ ಕಾರ್ಡು, ಆಧಾರ್ ಜೊತೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಇಟ್ಕೊಂಡೇ ಹೋಗಿ, ಅದಕ್ಕೇ ವಾಪಸ್ ಬಂದವರಿದ್ದಾರೆ. ಚಿಕಿತ್ಸೆಗೆ ರೈಲಿನಲ್ಲಿ ಹೋಗೋ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ತ್ರೀ ಟಯರ್ ಎಸಿಯಲ್ಲಿ ಟಿಕೆಟ್ ಪೂರ್ತಿ ಉಚಿತ, ಜೊತೆಗೆ ಹೋಗೋ ಒಬ್ಬರಿಗೆ ಶೇ 75 ರಿಯಾಯಿತಿ. ಆಸ್ಪತ್ರೆಯಿಂದ ರೈಲ್ವೆಯ ನಮೂನೆಯಲ್ಲಿ ಸರ್ಟಿಫಿಕೇಟ್ ಬರೆಸ್ಕೊಂಡು ಬರಬೇಕು, ಮುಂದಿನ ಸಲ ಹೋದಾಗ ಕೇಳಿ. 2025ರ ಕೇಂದ್ರ ಬಜೆಟ್‌ನಲ್ಲಿ ಮೂರು ವರ್ಷದೊಳಗೆ ಎಲ್ಲ ಜಿಲ್ಲಾಸ್ಪತ್ರೆಯಲ್ಲೂ ಕ್ಯಾನ್ಸರ್ ಡೇ ಕೇರ್ ಸೆಂಟರ್ ಅಂತ ಘೋಷಣೆ ಆಗಿದೆ. ಅದನ್ನ ಕೇಳಿ ದುರ್ಗದಲ್ಲೇ 'ಕರೆಂಟ್' ಇಡ್ತಾರಂತೆ ಅಂತ ಕಾಯ್ತಾ ಕೂರಬೇಡಿ. ಡೇ ಕೇರ್ ಅಂದ್ರೆ ಮುಖ್ಯವಾಗಿ ಕೀಮೋ ಡ್ರಿಪ್ ಹಾಕೋ ಜಾಗ, ರೇಡಿಯೇಶನ್ ಯಂತ್ರದ ಕಟ್ಟಡ ಅಲ್ಲ.